ಹಾಯಿಕಂಬದ ಮೇಲೆ ಹಳದಿ ಟವೆಲ್

ದೋಣಿಯ ಅಡುಗೆಮೂಲೆಯಿಂದ,
ಮಾರ್ಚ್ ೧೧, ಬೆಳಿಗ್ಗೆ

ಮುದ್ದಿನ ಜಗಳಗಂಟಿ ಮಗಳಿಗೆ,

ನಾವಿಬ್ಬರೂ ಕ್ಷೇಮ. ನೀನೂ ಅಳಿಯಂದಿರೂ ಹಾಗೇ ಇದ್ದೀರೆಂದು ನಂಬಿದ್ದೇನೆ. ಕಾಗದ ತಡವಾಯಿತೆಂದು ಬೈಯಬೇಡ. ಇಲ್ಲಿ ಫೋನಿಗೆ ಜೀವವಿಲ್ಲ, ಅಂಚೆಯ ದೋಣಿ ಮನಸ್ಸು ಬಂದಾಗ ಬರುತ್ತದೆ.

ದೊಡ್ಡ ಸುದ್ದಿ ಕೇಳು. ನಾಳೆ ಗಾಳಿ ತಿರುಗುತ್ತದಂತೆ. ತಿರುಗಿದೊಡನೆ ಲಂಗರು ಎತ್ತಿ, ದಡವೇ ಕಾಣದ ಸಮುದ್ರಕ್ಕೆ ಹಾಯಿ ಬಿಚ್ಚುವುದೇ! ಜನ್ಮವೆಲ್ಲ ನಲ್ಲಿ, ಪೈಪು ಮಾರಿದವನಿಗೆ ಈ ಯೋಗ! "ಈ ವಯಸ್ಸಲ್ಲಿ ಬೇಡಪ್ಪ" ಎಂಬ ನಿನ್ನ ರಾಗ ಇಲ್ಲಿಗೂ ಕೇಳಿಸುತ್ತಿದೆ. ನಿಮ್ಮಮ್ಮ ಬೇಡ ಎಂದಿಲ್ಲ. ಹೂಂ ಎಂದೂ ಇಲ್ಲ, ನಿಜ. ಆದರೆ ಅಂಗಡಿಗೆ ಬಂದ ಗಿರಾಕಿ ಸುಮ್ಮನೆ ನಿಂತರೆ ನಾನು ಸಾಮಾನು ಕಟ್ಟಲು ಶುರು ಮಾಡುತ್ತಿದ್ದೆ.

ಅವಳ ಮೇಲೊಂದು ದೂರು ಇದೆ, ಜಮಾ ಮಾಡಿಕೋ. ಈಚೆಗೆ ಭಾರಿ ಸೋಮಾರಿಯಾಗಿದ್ದಾಳೆ. ಹಾಯಿಯ ಹಗ್ಗ ಹಿಡಿ ಎಂದರೆ ಅರ್ಧಕ್ಕೇ ಬಿಡುತ್ತಾಳೆ. ನನ್ನ ಪಿಂಗಾಣಿ ಲೋಟವೂ ಅವಳ ಕೈಜಾರಿ ಸಮುದ್ರದ ಖಾತೆ ಸೇರಿತು. "ಕೈ ಯಾಕೋ ಮಾತು ಕೇಳ್ತಿಲ್ಲ ರೀ" ಅಂದಳು. "ಮದುವೆ ಆದಾಗಿಂದ ನೀನೇ ನನ್ನ ಮಾತು ಕೇಳಿಲ್ಲ, ನಿನ್ನ ಕೈ ಕೇಳುತ್ತಾ?" ಅಂದೆ. ಚೆನ್ನಾಗಿತ್ತಲ್ಲವೇ? ಅವಳು ನಗಲಿಲ್ಲ.

ನಾವು ಲಂಗರು ಹಾಕಿರುವ ಈ ಊರು ಬಂಡೆಗೂ ನೀರಿಗೂ ನಡುವೆ ಸಿಕ್ಕಿಕೊಂಡ ಒಂದೇ ಬೀದಿ. ದೋಣಿಗೆ ಬಳಿದು ಉಳಿದ ಬಣ್ಣವನ್ನೇ ಮನೆಬಾಗಿಲಿಗೆ ಹಚ್ಚುತ್ತಾರೆ. ಬಾಗಿಲು ನೋಡಿದರೆ ಯಾರ ದೋಣಿ ಯಾವುದೆಂದು ತಿಳಿಯುತ್ತದೆ. ಇರುವ ಒಂದೇ ಅಂಗಡಿಯಲ್ಲಿ ಹಗ್ಗ, ಅಂಚೆ, ಕ್ಷೌರ ಎಲ್ಲವೂ. ಹಗ್ಗದ ಬೆಲೆ ಇಳಿಸಲು ಹೋದೆ. "ಸಮುದ್ರದ ಮಧ್ಯೆ ಕಮ್ಮಿಗೆ ಸಿಗುತ್ತೆ ಸ್ವಾಮಿ, ಅಲ್ಲೇ ತಗೊಳ್ಳಿ" ಅಂದ ಅಂಗಡಿಯವನು! ನನಗೂ ಗುರು ಸಿಕ್ಕಿದನೆಂದು ಕೈಕುಲುಕಿ ಬಂದೆ.

ನಿನ್ನೆಯ ತಮಾಷೆಯಂತೂ ಕೇಳಲೇಬೇಡ. ನಿಮ್ಮಮ್ಮ ಹಳದಿ ಟವೆಲನ್ನು ಒಣಗಲೆಂದು ಹಾಯಿಕಂಬದ ತುದಿಗೆ ಏರಿಸಿದಳು. ಸ್ವಲ್ಪ ಹೊತ್ತಿಗೆ ದಡದಲ್ಲಿ ಗಂಟೆಯೋ ಗಂಟೆ! ಊರಿಗೆ ಊರೇ ಓಡಿಬಂತು. ಮೀನುಗಾರರು ಬಿರುಸಾಗಿ ಹುಟ್ಟು ಹಾಕುತ್ತಾ ನರ್ಸಮ್ಮನನ್ನು ಕರೆತಂದರು. ಇಲ್ಲಿ ದೋಣಿಯ ಮೇಲೆ ಹಳದಿ ಬಟ್ಟೆ ಏರಿದರೆ ಒಳಗೆ ರೋಗಿ ಇದ್ದಾರೆಂದು ಅರ್ಥವಂತೆ!

"ರೋಗಿ ಎಲ್ಲಿ?" ಎಂದರು ನರ್ಸಮ್ಮ.

"ಟವೆಲಿಗೇ ನೆಗಡಿ, ನೋಡಿ" ಅಂದೆ.

"ನಿಮ್ಮ ನಾಲಿಗೆಗಂತೂ ಏನೂ ಆಗಿಲ್ಲ, ಸರಿಯಿರಿ ಪಕ್ಕಕ್ಕೆ."

ನಿಮ್ಮಮ್ಮ ಒಳಗಿನಿಂದ ಕರೆದಳು. ಇಬ್ಬರೂ ಬಾಗಿಲು ಹಾಕಿಕೊಂಡು ಕುಳಿತವರು ಎಷ್ಟು ಹೊತ್ತಾದರೂ ಏಳಲಿಲ್ಲ. ಹೆಂಗಸರ ಹರಟೆ! ನಾನು ಮೀನುಗಾರರಿಗೆ ಚಹಾ ಕೊಟ್ಟು, ಮುಂದಿನ ಸಮುದ್ರದ ಸೆಳೆತಗಳನ್ನೆಲ್ಲ ಕೇಳಿ ತಿಳಿದುಕೊಂಡೆ. ಹೊರಡುವಾಗ ನರ್ಸಮ್ಮ, "ಅಮ್ಮಾವ್ರು ಹೇಳೋದು ಕೇಳಿಸ್ಕೊಳ್ಳಿ" ಎಂದಷ್ಟೇ ಅಂದರು. ಗಂಡಂದಿರಿಗೆ ಪುಕ್ಕಟೆ ಸಲಹೆ ಎಲ್ಲ ಊರಲ್ಲೂ ಒಂದೇ.

ಹಗ್ಗ ಸುತ್ತಿಡುವ ಕೆಲಸ ಕಾಯುತ್ತಿದೆ. ಇಬ್ಬರೂ ನೂರ್ಕಾಲ ಸುಖವಾಗಿರಿ. ಜಗಳಕ್ಕೆ ಬಿಡುವು ಸಿಗುತ್ತಿರಲಿ.

ಸಮುದ್ರಕ್ಕೆ ಬಿದ್ದ,
ನಿನ್ನ ಅಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ನಿಮ್ಮಮ್ಮನಿಗೆ ಓದಿ ಹೇಳಿದೆ. ಟವೆಲಿನ ಭಾಗ ಬಂದಾಗ, "ಅದು ಒದ್ದೆ ಇರ್ಲಿಲ್ಲ ರೀ" ಅಂದಳು. ಹಳದಿ ಬಟ್ಟೆಯ ವಿಷಯ ಅಂಗಡಿಯವನು ಮೊದಲೇ ಹೇಳಿದ್ದನಂತೆ. "ಆಗ ನೀವು ಅಂಗಡೀಲಿ ಹಗ್ಗ ಎಳೆದು ನೋಡ್ತಿದ್ರಿ. ಕೈ ವಿಷಯ ನಿಮಗೆ ಹೇಳಿದಾಗೆಲ್ಲ ನಕ್ರಿ. ಅದಕ್ಕೇ ಊರಿಗೇ ಹೇಳಿದೆ."

ಅವಳ ಬಲಗೈಗೆ ಬಿಸಿ, ತಂಪು ಯಾವುದೂ ತಿಳಿಯುತ್ತಿಲ್ಲ ಮಗಳೇ. ತಡಮಾಡದೆ ದೊಡ್ಡಾಸ್ಪತ್ರೆಗೆ ತೋರಿಸಿ ಎಂದಿದ್ದಾರೆ ನರ್ಸಮ್ಮ. ಸಮುದ್ರ ದಾಟುವುದಿಲ್ಲ. ಈ ಕಾಗದ ಬರುವ ಅಂಚೆಯ ದೋಣಿಯಲ್ಲೇ ನಾವೂ ಬರುತ್ತಿದ್ದೇವೆ. ನಮ್ಮ ದೋಣಿಯನ್ನು ಅಂಗಡಿಯವನು ನೋಡಿಕೊಳ್ಳುತ್ತಾನೆ. ಅದಕ್ಕೆಷ್ಟು ಎಂದು ನಾನು ಕೇಳಲಿಲ್ಲ.

ಇದನ್ನು ಬರೆಯುವಾಗ ಅವಳ ಬಲಗೈಯನ್ನು ನನ್ನ ಎಡಗೈಯಲ್ಲಿ ಹಿಡಿದುಕೊಂಡಿದ್ದೇನೆ. ಹಿಡಿದದ್ದು ಅವಳಿಗೆ ತಿಳಿಯುತ್ತಿದೆಯೇ ಎಂದು ಕೇಳಲು ಬಾಯಿ ಬರುತ್ತಿಲ್ಲ.