ವೈನಿ ಮುಳುಗಿದ ದಂಡೆಯಲ್ಲಿ

ಸುನಂದಾ ವೈನಿ,

ನಿಮ್ಮ ನಾದಿನಿ ಶೈಲಾ ಬರೆಯುತ್ತಿದ್ದೇನೆ. ನೀವು ಹೋಗಿ ಐದು ವರ್ಷವಾಯಿತು. ಮೊದಲೇ ಬರೆಯಬಹುದಿತ್ತು, ಆದರೆ ಆಗ ಬರೆದಿದ್ದರೆ ನಿಮ್ಮನ್ನು ಬೈದೇ ಬರೆಯುತ್ತಿದ್ದೆ. ನಿಮ್ಮ ಸಾವನ್ನು ನೀವೇ ತಂದುಕೊಂಡಿರಿ ಎಂದು ಮನೆಯವರೆಲ್ಲರ ಜೊತೆ ನಾನೂ ನಂಬಿದ್ದೆ. ಈ ಜನವರಿಯಲ್ಲಿ ನಿಮ್ಮ ಮಗಳು ಅಪೂರ್ವಾಳನ್ನು ಕರೆದುಕೊಂಡು ಆ ದ್ವೀಪಕ್ಕೆ ಹೋಗಿಬಂದೆ. ಅಲ್ಲಿ ಏನಾಯಿತೆಂದು ನಿಮಗೆ ಹೇಳಬೇಕಿಲ್ಲ. ಅದು ನಮಗೂ ಗೊತ್ತಾಯಿತು ಎಂದು ತಿಳಿಸಲು ಈ ಕಾಗದ.

ಆ ದಂಡೆಯ ಫೋಟೊವನ್ನು ನೀವು ನನಗೆ ತೋರಿಸಿದ್ದು ಅಡುಗೆಮನೆಯಲ್ಲಿ. ರೊಟ್ಟಿ ಬಡಿಯುತ್ತಿದ್ದಿರಿ, ಫೋನಿನ ಮೇಲೆಲ್ಲ ಜೋಳದ ಹಿಟ್ಟು. ಅಂಡಮಾನಿನ ಯಾವುದೋ ಸಣ್ಣ ದ್ವೀಪ. ಅಂಗಡಿಯಿಲ್ಲ, ಕುರ್ಚಿಯಿಲ್ಲ, ಮನುಷ್ಯರೇ ಇಲ್ಲ. ಕಾಡು ಇಳಿದು ಬಂದು ಮರಳಿಗೆ ಮುಟ್ಟಿ ನಿಂತಿತ್ತು. ಪ್ರಕಾಶಣ್ಣನಿಗೆ ಆಫೀಸಿನಿಂದ ಪ್ರವಾಸದ ಖರ್ಚು, ಎಲ್‌ಟಿಸಿ, ಸಿಕ್ಕಿತ್ತು. ನಮ್ಮ ಅವ್ವನಿಗೆ ಕಾಶಿಗೆ ಹೋಗಬೇಕಿತ್ತು. ಮನೆಯಲ್ಲಿ ಎಂದೂ ಏನೂ ಕೇಳದ ನೀವು ಅದೊಂದು ಸಲ ಪಟ್ಟು ಹಿಡಿದಿರಿ. ಹೈದರಾಬಾದಿನ ಮಲ್ಕಾಜ್‌ಗಿರಿಯ ಆ ಮೂರು ಕೋಣೆಗಳಲ್ಲಿ ಆಗ ನಾವು ಎಂಟು ಜನ, ಉಳಿದ ಏಳೂ ಬಾಯಲ್ಲಿ ಬೆಳಗಿನಿಂದ ನಿಮ್ಮ ಹೆಸರೇ. “ಒಂದ ದಿನ ಶೈಲಾ,” ಅಂದಿರಿ. “ಯಾರೂ ನನ್ನ ಕರೀಬಾರದು. ಅಂಥಾ ಒಂದ ದಿನ ಬೇಕಾಗೈತಿ ನನಗ.” ಒಂಬತ್ತು ವರ್ಷದ ಅಪೂಗೆ ಪರೀಕ್ಷೆಯಿತ್ತು. ಅವಳನ್ನು ನಾನು ನೋಡಿಕೊಳ್ಳುತ್ತೇನೆ, ಹೋಗಿಬನ್ನಿ ಎಂದು ನಿಮ್ಮನ್ನು ಕಳಿಸಿದವಳು ನಾನೇ.

ಆ ಬೆಳಿಗ್ಗೆ ದೋಣಿ ಹತ್ತುವ ಮುಂಚೆ ನೀವು ಫೋನ್ ಮಾಡಿದ್ದಿರಿ. ನಾನು ಮಾದಾಪುರದ ಆಫೀಸಿಗೆ ಹೊರಟು ಮೆಟ್ರೊದಲ್ಲಿ ನಿಂತಿದ್ದೆ. ಅಪೂಗೆ ಜಡೆ ಬಿಗಿಯಾಗಿ ಹಾಕಬೇಡ, ತಲೆ ನೋಯುತ್ತದೆ ಅನ್ನುತ್ತಾಳೆ ಎಂದು ಹೇಳಿದಿರಿ. ಆಮೇಲೆ ಇನ್ನೇನೋ ಹೇಳಹೊರಟಿರಿ. ಗದ್ದಲದಲ್ಲಿ ಕೇಳಿಸಲಿಲ್ಲ, ಸಂಜೆ ಮಾತಾಡೋಣ ಅಂದುಬಿಟ್ಟೆ. ಅದೇನು ವೈನಿ, ನೀವು ಹೇಳಹೊರಟಿದ್ದು? ಸಂಜೆ ಫೋನ್ ಬಂತು, ಅಣ್ಣನದು.

ಅಣ್ಣ ನಿಮ್ಮನ್ನು ಪೆಟ್ಟಿಗೆಯಲ್ಲಿ ತಂದ ದಿನ ಅವನ ಬಾಯಿಂದ ಬಂದದ್ದು ಎರಡೇ ಮಾತು. ಬೇಡ ಅಂದೆ, ಕೇಳಲಿಲ್ಲ. ಈಜು ಬರುತ್ತದೆಂದು ಒಳಗೆ ಹೋದಳು. ಮಿಕ್ಕದ್ದನ್ನು ನಾವೆಲ್ಲ ಸೇರಿ ತುಂಬಿಕೊಂಡೆವು. ಅವ್ವ ನಿಮ್ಮನ್ನು ಹಟಮಾರಿ ಎಂದಳು. ಹೆಣ್ಣಿಗೆ ಅಷ್ಟು ಸೊಕ್ಕು ಇರಬಾರದು ಎಂದರು ಮಾತಾಡಿಸಲು ಬಂದವರು. ಬಿಜಾಪುರದ ತವರಿನಲ್ಲಿ ಬಾವಿಗೆ ಹಾರಿ ಈಜು ಕಲಿತದ್ದನ್ನು ನೀವು ನಗುತ್ತಾ ಹೇಳುತ್ತಿದ್ದಿರಲ್ಲ, ಅದೇ ನಿಮ್ಮ ವಿರುದ್ಧ ಸಾಕ್ಷಿಯಾಯಿತು. ಹದಿಮೂರನೆಯ ದಿನ ಊಟ ಬಡಿಸುತ್ತಾ ಪಕ್ಕದ ಮನೆಯವರಿಗೆ ನಾನೂ ಅದನ್ನೇ ಹೇಳಿದೆ. ಅಷ್ಟು ವರ್ಷ ನಿಮ್ಮ ಕೈಯ ಅಡುಗೆ ಉಂಡ ಬಾಯಿಂದ...

ಹೋದ ದೀಪಾವಳಿಗೆ ಮುಂಚೆ, ಗೋಡೆಯ ಮೇಲಿನ ನಿಮ್ಮ ಫೋಟೊ ಒರೆಸಲು ಅಪೂಗೆ ಹೇಳಿದೆ. ಹದಿನಾಲ್ಕು ವರ್ಷ ಈಗ ಅವಳಿಗೆ, ನನ್ನಷ್ಟೇ ಎತ್ತರ. ಒರೆಸುವುದಿಲ್ಲ ಎಂದಳು. ಯಾಕೆ ಎಂದೆ. “ಮಮ್ಮಿಗೆ ನಾ ಬ್ಯಾಡಾಗಿದ್ದೆ ಅತ್ತಿ. ಬೇಕಾಗಿದ್ರ ನೀರಾಗ ಯಾಕ ಹೋಗ್ತಿದ್ಲು?” ಸಿಟ್ಟಿನಿಂದ ಹೇಳಲಿಲ್ಲ, ಎಂದೋ ತೀರ್ಮಾನವಾಗಿ ಹೋದ ವಿಷಯದ ಹಾಗೆ ಹೇಳಿದಳು. ಅಣ್ಣ ಅಲ್ಲೇ ಪೇಪರ್ ಓದುತ್ತಾ ಕೂತಿದ್ದ. ಪೇಪರ್ ಮಡಚಿಟ್ಟು ಎದ್ದು ಹೊರಗೆ ಹೋದ. ಅವಳಿಗೆ ಆ ಜಾಗವನ್ನೊಮ್ಮೆ ತೋರಿಸಬೇಕು ಅಂತ ನನಗೆ ಅನ್ನಿಸಿದ್ದು ಆಗಲೇ. ಸಮುದ್ರ ಯಾರನ್ನಾದರೂ ಎಳೆದುಕೊಳ್ಳುತ್ತದೆ, ಅದರಲ್ಲಿ ಬೇಕು ಬೇಡ ಇರುವುದಿಲ್ಲ ಎಂದು ಅವಳು ಕಣ್ಣಾರೆ ನೋಡಲಿ ಎಂದುಕೊಂಡೆ. ಅಣ್ಣ ಬೇಡವೇ ಬೇಡ ಎಂದ. ಅಲ್ಲಿ ಉಸುಕು ಬಿಟ್ಟರೆ ಏನೂ ಇಲ್ಲ ಎಂದ. ಅವನ ಮಾತು ಮೀರಿ ನಾನು ಟಿಕೆಟ್ ಮಾಡಿಸಿದ್ದು ಅದೇ ಮೊದಲು.

ಬೀರುವಿನಲ್ಲಿ ನಿಮ್ಮ ಕಾಗದಗಳ ಜೊತೆ ಪೊಲೀಸರು ಕೊಟ್ಟ ವರದಿಯ ಪ್ರತಿ ಇತ್ತು. ಅದರಲ್ಲಿ ದೋಣಿಯವನ ಹೆಸರಿತ್ತು: ಸಿಂಹಾಚಲಂ. ಅಂಡಮಾನಿನಲ್ಲಿ ಇಳಿದು ಜೆಟ್ಟಿಯಲ್ಲಿ ವಿಚಾರಿಸಿದರೆ ಎಲ್ಲರಿಗೂ ಗೊತ್ತಿದ್ದವನೇ. ಐವತ್ತು ದಾಟಿದ, ಶ್ರೀಕಾಕುಳಂ ಕಡೆಯ ತೆಲುಗಿನ ಮನುಷ್ಯ. ನಾವು ಯಾರೆಂದು ಹೇಳಿದೊಡನೆ ಆ ದ್ವೀಪಕ್ಕೆ ಬರುವುದಿಲ್ಲ ಎಂದ. ಅಪೂಳ ಮುಖವನ್ನು ನೋಡುತ್ತಾ ನಿಂತ, ಆಮೇಲೆ ದೋಣಿಗೆ ಡೀಸೆಲ್ ಹಾಕಿದ.

ಎರಡು ತಾಸಿನ ದಾರಿ. ಇಳಿಯಲು ಕಟ್ಟೆಯಿಲ್ಲ, ಮೊಣಕಾಲುದ್ದ ನೀರಿಗೆ ಇಳಿದು ನಡೆದೆವು. ವೈನಿ, ಅದು ಫೋಟೊದಲ್ಲಿದ್ದ ಹಾಗೇ ಇತ್ತು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಇಲ್ಲೊಬ್ಬರು ಸತ್ತಿದ್ದಾರೆ ಎಂಬುದಕ್ಕೆ ಒಂದು ಗುರುತೂ ಇರಲಿಲ್ಲ. ಬಿಳಿ ಮರಳು, ಕೊಂಬೆಗಳು ನೀರಿನ ಮೇಲೆ ಬಾಗಿದ ದೊಡ್ಡ ಮರಗಳು, ಶಂಖ ಹೊತ್ತು ಓಡಾಡುವ ಸಣ್ಣ ಏಡಿಗಳು. ನೀರು ದೂರದವರೆಗೂ ತಿಳಿಹಸಿರು, ಕೆರೆಯಷ್ಟು ಶಾಂತ. ಫೋನಿನಲ್ಲಿ ಸಿಗ್ನಲ್ ಇಲ್ಲ. ಕೂಗಿದರೆ ಬರುವವರು ಯಾರೂ ಇಲ್ಲ. ನಿಮಗೆ ಬೇಕಾಗಿದ್ದೂ ಇದೇ ಅಲ್ಲವೇ, ಯಾರೂ ಇಲ್ಲದ ಜಾಗ? ಇಲ್ಲಿಗೆ ಬಂದು ಎಷ್ಟು ಹೊತ್ತು ಸುಮ್ಮನೆ ಕೂತಿದ್ದಿರಿ? ಅಷ್ಟಾದರೂ ನಿಮಗೆ ಸಿಕ್ಕಿತೇ?

ಅದನ್ನು ತಿಳಿಯಲೆಂದೇ ನಾನು ಸಿಂಹಾಚಲಂಗೆ ಕೇಳಿದೆ, ಇಲ್ಲಿಗೆ ಬಂದ ಎಷ್ಟು ಹೊತ್ತಿಗೆ ನಮ್ಮ ವೈನಿ ನೀರಿಗೆ ಇಳಿದರು ಎಂದು. ಅವನು ಗೊಂದಲದಿಂದ ನನ್ನನ್ನು ನೋಡಿದ. “ಮೀ ಅನ್ನ ಚೆಪ್ಪಲೇದಾ ಅಮ್ಮಾ?” ಅಂದ. ನಿಮ್ಮ ಅಣ್ಣ ಹೇಳಲಿಲ್ಲವೇ ಎಂದು. ಆಮೇಲೆ ಮರಳಿನ ಮೇಲೆ ಕುಕ್ಕರಗಾಲಲ್ಲಿ ಕೂತು, ತೆಲುಗಿನಲ್ಲಿ ನಿಧಾನವಾಗಿ ಎಲ್ಲ ಹೇಳಿದ. ಹೈದರಾಬಾದಿನಲ್ಲಿ ಬೆಳೆದ ಹುಡುಗಿ ಅಪೂ, ಅವಳಿಗೆ ಒಂದು ಪದವೂ ತಪ್ಪಲಿಲ್ಲ.

ನೀರಿಗೆ ಇಳಿದವನು ಅಣ್ಣ. ಆಫೀಸಿನವರಿಗೆ ತೋರಿಸಲು ಸೊಂಟದುದ್ದ ನೀರಲ್ಲಿ ನಿಂತು ಫೋಟೊ ತೆಗೆಸಿಕೊಳ್ಳಬೇಕಿತ್ತು ಅವನಿಗೆ. ಒಳಗಿನ ಸೆಳೆತ ಕಾಲು ಕಿತ್ತಿತು. ಮೀನು ಹಿಡಿಯಲೆಂದು ಬಂಡೆಯ ಆಚೆ ಹೋಗಿದ್ದ ಸಿಂಹಾಚಲಂ ಚೀರಾಟ ಕೇಳಿ ಓಡಿಬಂದಾಗ ನೀವು ನೀರಲ್ಲಿದ್ದಿರಿ. ಅಣ್ಣನ ಕುತ್ತಿಗೆಯ ಕೆಳಗೆ ಕೈ ಹಾಕಿ ಎಳೆದು ತರುತ್ತಿದ್ದಿರಿ. ಅವನ ಕಾಲು ನೆಲಕ್ಕೆ ತಾಗುವವರೆಗೆ ತಂದು ಬೆನ್ನಿಗೆ ಕೈಕೊಟ್ಟು ತಳ್ಳಿದಿರಿ. ಅವನು ಮೇಲೆ ಬಂದ. ನಿಮ್ಮನ್ನು ನೀರು ಹಿಂದಕ್ಕೆ ಒಯ್ದಿತು. ಎರಡು ಸಲ ಕೈ ಎತ್ತಿದಿರಂತೆ. ಸಮುದ್ರದ ಇಳಿತದಲ್ಲಿ ದೋಣಿ ಮರಳಿಗೆ ಕಚ್ಚಿಕೊಂಡಿತ್ತು, ಒಬ್ಬನಿಂದ ಅಲುಗಲಿಲ್ಲ. ಬಂದು ನೂಕು ಎಂದು ಸಿಂಹಾಚಲಂ ಅಣ್ಣನನ್ನು ಕೂಗಿದ, ಮತ್ತೆ ಮತ್ತೆ ಕೂಗಿದ. ಬಿದ್ದ ಮರವೊಂದರ ಮೇಲೆ ಕೂತ ಅಣ್ಣ ಏಳಲಿಲ್ಲ. ದೋಣಿ ನೀರಿಗೆ ಇಳಿಯುವಷ್ಟರಲ್ಲಿ ನೀವು ಕಾಣುತ್ತಿರಲಿಲ್ಲ. ಪೊಲೀಸರ ಮುಂದೆ ಅಣ್ಣ ಹೇಳಿದ್ದಕ್ಕೆ ಸಿಂಹಾಚಲಂ ಹೌದು ಎಂದ. ಜನರನ್ನು ದಂಡೆಯಲ್ಲಿ ಬಿಟ್ಟು ಮೀನಿಗೆ ಹೋಗಿದ್ದವನು, ಅವನಿಗೂ ಹೆದರಿಕೆಯಿತ್ತು.

ಅಪೂ ಅಳಲಿಲ್ಲ. ಅಪ್ಪ ಎಲ್ಲಿ ಕೂತಿದ್ದ ಎಂದು ತೆಲುಗಿನಲ್ಲಿ ಕೇಳಿದಳು. ಅವನು ಕೈ ತೋರಿಸಿದ. ಆ ಮರ ಇನ್ನೂ ಅಲ್ಲೇ ಬಿದ್ದಿತ್ತು, ಬಿಸಿಲಿಗೆ ಬೆಳ್ಳಗಾಗಿ. ಹೋಗಿ ಅದರ ಮೇಲೆ ಕೂತು ನೀರು ನೋಡಿದಳು. ಬಾ ಎಂದರೂ ಏಳಲಿಲ್ಲ. ಬಹಳ ಹೊತ್ತಿನ ಮೇಲೆ, “ಇಲ್ಲಿಂದ ಎಲ್ಲಾ ಕಾಣ್ತೈತಿ ಅತ್ತಿ,” ಎಂದಳು.

ಮಲ್ಕಾಜ್‌ಗಿರಿಗೆ ಬಂದಾಗ ಅಣ್ಣ ಆಫೀಸಿಗೆ ಹೊರಡಲು ಬೂಟು ಹಾಕಿಕೊಳ್ಳುತ್ತಿದ್ದ. ಅಪೂ ಅವನನ್ನು ನೋಡದೆ ಒಳಗೆ ಹೋದಳು. ಅವನಿಗೆ ಅಷ್ಟೇ ಸಾಕಾಯಿತು. ಕೈಯಲ್ಲಿ ಬೂಟಿನ ದಾರ ಹಿಡಿದುಕೊಂಡೇ ಕೂತ. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಏನಂತ ಹೇಳ್ಲಿ ಶೈಲಾ? ಹೆಂಡ್ತಿ ನನ್ನ ಉಳಿಸಿದ್ಲು, ನಾ ದಂಡಿಮ್ಯಾಲ ಕುಂತು ನೋಡ್ಕೋತ ಇದ್ದೆ ಅಂತ ಹೇಳ್ಲಿ?” ಎಂದ. ಬೂಟಿನ ದಾರವನ್ನು ಬೆರಳಿಗೆ ಸುತ್ತುತ್ತಾ, “ಕಾಲು ಏಳಲಿಲ್ಲ. ಆಂವ ಕರ್ಯಾಕತ್ತಿದ್ದ, ಕೇಳಸಾಕತ್ತಿತ್ತು. ಕಾಲು ಏಳಲಿಲ್ಲ,” ಎಂದ.

ಅದು ಸುಳ್ಳಲ್ಲ ಅನ್ನಿಸುತ್ತದೆ ವೈನಿ. ನೀರು ಕುಡಿದಿದ್ದ, ಹೆದರಿದ್ದ, ಈಜು ಬಾರದವನು. ಕಾಲು ಏಳದಿದ್ದುದನ್ನು ಕ್ಷಮಿಸಬಹುದೇನೋ. ಆದರೆ ನಿಮ್ಮ ಹೆಣದ ಪಕ್ಕ ನಿಂತು ನಿಮ್ಮನ್ನೇ ಹಟಮಾರಿ ಮಾಡಿದನಲ್ಲ, ಅದಕ್ಕೆ ನಾಲಿಗೆ ಹೇಗೆ ಎದ್ದಿತು? ಅವ್ವನೂ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಆ ದಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ.

ಮರುವಾರ ಅಣ್ಣನನ್ನು ಬಿಜಾಪುರಕ್ಕೆ ಕರೆದುಕೊಂಡು ಹೋದೆ. ಹೋಗದಿದ್ದರೆ ನಾನೇ ಹೇಳುತ್ತೇನೆ ಎಂದಿದ್ದೆ. ನಿಮ್ಮ ಅವ್ವ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅಣ್ಣ ನಿಂತುಕೊಂಡೇ ಎಲ್ಲ ಹೇಳಿದ, ಕೂಡ್ರಿ ಎಂದರೂ ಕೂಡಲಿಲ್ಲ. ನಿಮ್ಮ ಅವ್ವ ಬಯ್ಯಲಿಲ್ಲ. ಸುಲಿಯುವ ಕೈ ಮಾತ್ರ ನಿಂತಿತು.

“ಮೊದಲ ಹೇಳಬೇಕಾಗಿತ್ತರಿ,” ಎಂದರು. “ಐದು ವರ್ಷ ನಾ ನನ್ನ ಮಗಳ ಮ್ಯಾಲ ಸಿಟ್ಟು ಮಾಡ್ಕೊಂಡು ಕುಂತೆ.”

ಇದಾದ ಮೇಲೆ ಮನೆ ಹೇಗಿದೆ ಎಂದರೆ, ಅಣ್ಣನ ಜೊತೆ ಅಪೂ ಮಾತಾಡುವುದಿಲ್ಲ. ಅವನು ಬಡಿಸಿದರೆ ಉಣ್ಣುವುದಿಲ್ಲ. ಅವನು ಸಣ್ಣಗಾಗಿದ್ದಾನೆ, ಕೂದಲೆಲ್ಲ ಬೆಳ್ಳಗಾಗಿದೆ. ಅವರಿಬ್ಬರನ್ನು ಸರಿಮಾಡುತ್ತೇನೆ ಎಂದು ನಾನು ನಿಮಗೆ ಮಾತು ಕೊಡಲಾರೆ. ಸರಿಮಾಡಬೇಕೇ ಎಂಬುದೂ ನನಗೆ ತಿಳಿಯುತ್ತಿಲ್ಲ. ಅವ್ವ ಈಗ ನಿಮ್ಮ ಮಾತೇ ಎತ್ತುವುದಿಲ್ಲ.

ಅಪೂ ಎತ್ತುತ್ತಾಳೆ. ದಿನಾ ಸ್ಕೂಲಿನಿಂದ ಬಂದು ನನ್ನ ಪಕ್ಕ ಕೂತು ನಿಮ್ಮ ಬಗ್ಗೆ ಹೇಳು ಅನ್ನುತ್ತಾಳೆ. ಮಮ್ಮಿಗೆ ಯಾವ ಬಣ್ಣ ಸೇರುತ್ತಿತ್ತು, ಯಾರು ಗೆಳತಿಯರು, ಏನು ಓದಬೇಕೆಂದಿದ್ದಳು. ಗೊತ್ತಿದ್ದಷ್ಟು ಹೇಳಿದೆ. ಒಂದು ತಿಂಗಳಿಗೇ ಮುಗಿದುಹೋಯಿತು ವೈನಿ. ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದು ನಿಮ್ಮ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ. ನಿಮ್ಮ ಇಷ್ಟದ ಬಣ್ಣ ಯಾವುದೆಂದು ಇಂದಿಗೂ ನನಗೆ ಗೊತ್ತಿಲ್ಲ. ಬೇಸಿಗೆ ರಜೆಗೆ ಅವಳನ್ನು ಬಿಜಾಪುರದಲ್ಲಿ ನಿಮ್ಮ ಅವ್ವನ ಹತ್ತಿರ ಬಿಡುತ್ತೇನೆ. ನಾನೂ ನಾಲ್ಕು ದಿನ ಉಳಿಯುತ್ತೇನೆ, ನಿಮ್ಮ ಅವ್ವ ನಿಮ್ಮ ಬಗ್ಗೆ ಹೇಳುವುದನ್ನು ಅವಳ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತೇನೆ.

ನಿಮ್ಮ
ಶೈಲಾ