ಬೆನ್ನ ಮೇಲಿನ ಪೆನ್ನಿನ ಗೆರೆ

ರೀ,

ಎದ್ದ ಕೂಡಲೇ ಬೆನ್ನಿಗೆ ಬಿಸಿನೀರು ಸುರಿದುಕೊಳ್ಳಬೇಡಿ. ನೋವಿಗೆ ಅಂತ ಗೀರು ಹಾಕಿ, ಬಟ್ಟಲು ಕೂರಿಸಿ ರಕ್ತ ತೆಗೆಸಿದಿರಲ್ಲ, ಆ ಕಪ್ಪಿಂಗ್ ಮಾಡಿಸಿದ ಜಾಗ ಎಷ್ಟೇ ನವೆಯಾದರೂ ಕೆರೆಯಬೇಡಿ, ಎಣ್ಣೆಯೂ ಬೇಡ. ಗೂಡಿಂದ ರೇಷ್ಮೆ ನೂಲು ಬಿಚ್ಚೋಕೆ ಹೋದೀರಿ, ಜೋಕೆ! ಮೊನ್ನೆ ಗೂಡು ಬೇಯಿಸಿದ ನೀರಲ್ಲಿ ನೆಂದ ಟವೆಲ್ಲನ್ನೇ ಆ ಹಸಿಗಾಯದ ಮೇಲೆ ಹೊದ್ದು ಕೂತಿದ್ದಿರಲ್ಲ, ಬೈದರೆ "ಏನೂ ಆಗಾಕಿಲ್ಲ, ಸುಮ್ಕಿರಮ್ಮಿ" ಅಂದಿರಿ.

ನಿನ್ನೆ ಸಂಜೆ ನೀವು ಬೋರಲು ಮಲಗಿದ್ದಾಗ, ಬೆನ್ನಿನ ಕೆಂಪು ಎಲ್ಲಿಯವರೆಗೆ ಹಬ್ಬಿದೆಯೋ ಅಲ್ಲಿಗೆ ಪೆನ್ನಲ್ಲಿ ಸುತ್ತ ಗೆರೆ ಎಳೆದೆ. ಅದನ್ನು ದಾಟದಿರಲಿ ಅಂತ ಹರಕೆ ಹೊತ್ತೆ.

ಜಯಣ್ಣನ ಆಟೋ ಕರೆತರಲು ಹೋಗಿದ್ದೀನಿ. ದೊಡ್ಡಾಸ್ಪತ್ರೆಗೆ ಹೋಗೋಣ, ಸಡಿಲವಾದ ಶರ್ಟು ಹಾಕಿಕೊಂಡಿರಿ. ಸುಮ್ಮನೆ ಹೆದರ್ತೀಯ ಅನ್ನೋ ಮೊದಲು ಕನ್ನಡೀಲಿ ಬೆನ್ನು ನೋಡಿಕೊಳ್ಳಿ. ಎರಡು ಗೆರೆ ಇವೆ. ಹೊರಗಿನದನ್ನು ಎಳೆದದ್ದು ಇವತ್ತು ಬೆಳಿಗ್ಗೆ.