ಸೂಟಿ ಇಲ್ಲದ ಮೈ

ಶಿರಗುಪ್ಪಿ
ಜನವರಿ ೧೯೯೨

ರಾಜಾರಾಮ ವಸ್ತಾದರಿಗೆ, ನಿಮ್ಮ ತಾಲೀಮಿನ ಧೂಳಪ್ಪನ ನಮಸ್ಕಾರ.

ಅಕ್ಷರ ಚಂದವಿಲ್ಲ, ಕಾಗುಣಿತವೂ ಅಲ್ಲಲ್ಲಿ ತಪ್ಪಿರುತ್ತದೆ, ಸಿಟ್ಟಾಗಬೇಡಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಮೇಲೆ ಇಷ್ಟು ಉದ್ದ ಬರೆಯುತ್ತಿರುವುದು ಇದೇ ಮೊದಲು. ನಿಮ್ಮ ಎದುರು ನಿಂತರೆ ನನಗೆ ನಿಮ್ಮ ಕಾಲಿನ ಹೆಬ್ಬೆರಳು ಬಿಟ್ಟು ಬೇರೇನೂ ಕಾಣುವುದಿಲ್ಲ. ಗುರುವಾರ ನೀವು ಬೈದಾಗಲೂ ಅದನ್ನೇ ನೋಡುತ್ತ ನಿಂತಿದ್ದೆ.

ಅಂದು ತಾಲೀಮಿನ ಕಲ್ಲು ನನ್ನ ಮೊಣಕಾಲು ದಾಟಿ ಮೇಲೇಳಲಿಲ್ಲ. ದೀಪಾವಳಿಗೆ ಮೊದಲು ಅದೇ ಕಲ್ಲನ್ನು ಹೆಗಲಿಗೇರಿಸಿ ಹಿಂದಕ್ಕೆ ಒಗೆದಿದ್ದೆ, ನೀವೇ ಬೆನ್ನು ತಟ್ಟಿದ್ದಿರಿ. ಈಗ ಹತ್ತಿರ ಬಂದು ನನ್ನ ತೊಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಿರಿ. “ಇದು ಎರಡು ದಿನ ಸೂಟಿ ಕಂಡ ತೊಡಿ ಅಲ್ಲ. ನನ್ನ ಕಣ್ಣು ತಪ್ಪಿಸಿ ಎಲ್ಲಿ ಎತ್ತಾಕತ್ತೀಲೇ? ಇಷ್ಟ ಲಗೂನ ಸೊಕ್ಕು ಬಂತೇನು?” ಅಂದಿರಿ. ಮುಂದಿನ ತಿಂಗಳು ಅಥಣಿಯಲ್ಲಿ ನಡೆಯುವ ಕಲ್ಲಿನ ಶರ್ಯತ್ತಿಗೆ ನನ್ನ ಬದಲು ಜೊತೆಗೆ ಕಲ್ಲು ಎತ್ತುವ ಆಬಾಸಾಹೇಬ ಹೋಗಲಿ ಎಂದು ಎಲ್ಲರ ಮುಂದೆ ಹೇಳಿಬಿಟ್ಟಿರಿ.

ವಸ್ತಾದರೇ, ನಾನು ಕದ್ದು ಕಲ್ಲು ಎತ್ತಿಲ್ಲ. ಎತ್ತಿದ್ದು ಕಬ್ಬು.

ಮಳೆಗಾಲದಲ್ಲಿ ತಾಲೀಮಿಗೆ ಸೇರಿದಾಗ ನಾನು ಬೆಳೆ ಕಾವಲಿಗಿದ್ದೆ, ನಿಮಗೆ ಗೊತ್ತು. ಸಕ್ಕರೆ ಕಾರ್ಖಾನೆ ಸುರುವಾದ ಮೇಲೆ ಅವ್ವನ ಜೊತೆ ಕಬ್ಬು ತುಂಬುವ ಗ್ಯಾಂಗಿಗೆ ಹೋಗುತ್ತಿದ್ದೇನೆ. ಇದನ್ನು ಮಾತ್ರ ನಿಮಗೆ ಹೇಳಲಿಲ್ಲ, ತಪ್ಪು ನನ್ನದೇ. ಹೋದ ವರ್ಷ ತಾಲೀಮಿನಲ್ಲಿದ್ದ ಸತ್ಯಪ್ಪ ತಾನೂ ಕಬ್ಬಿಗೆ ಹೋಗುತ್ತೇನೆಂದು ಹೇಳಿದಾಗ “ಹಂಗಾರ ಹಂಗಾಮು ಮುಗಿಸಿಕೊಂಡ ಬಾರಪ್ಪ” ಎಂದು ಕಳಿಸಿದಿರಂತೆ. ಅವನು ತಿರುಗಿ ಬರಲಿಲ್ಲ. ನನಗೆ ಆ ಭಯವಿತ್ತು. ಹಂಗಾಮು ಮುಗಿಯುವುದರೊಳಗೆ ಶರ್ಯತ್ತು ಮುಗಿದಿರುತ್ತದೆ.

ಸೋಮವಾರ, ಗುರುವಾರ ಕಲ್ಲು, ನಡುವಿನ ದಿನ ಸೂಟಿ ಎಂದು ಕಟ್ಟು ಮಾಡಿದವರು ನೀವು. “ಎತ್ತಿದಾಗ ಮೈ ಒಡಿತೈತಿ, ಮಲಗಿದಾಗ ಕೂಡ್ತೈತಿ. ಕೂಡಾಕ ಬಿಡ್ರಿ” ಅನ್ನುತ್ತೀರಿ. ಮಾತು ಖರೆ ಎಂದು ನನ್ನ ತೊಡೆಗೆ ನಿಮಗಿಂತ ಚೆನ್ನಾಗಿ ಗೊತ್ತು. ಆದರೆ ಸೂಟಿಯ ದಿನ ನಾನು ಟ್ರಾಲಿಗೆ ಹಚ್ಚಿದ ಹಲಗೆ ಹತ್ತಿ ಇಳಿಯುತ್ತಿರುತ್ತೇನೆ. ಟ್ರಾಲಿ ತುಂಬುವವರೆಗೆ ತಲೆ ಮೇಲೆ ಹೊರೆ, ಕಾಲ ಕೆಳಗೆ ಒಂದು ಗೇಣು ಅಗಲದ ಹಲಗೆ. ಮರುದಿನ ಬಂದು ನಿಮ್ಮ ಕಲ್ಲು ತಬ್ಬಿಕೊಂಡರೆ ತೋಳಿನಲ್ಲಿ ಏನೂ ಉಳಿದಿರುವುದಿಲ್ಲ.

ಬುಧವಾರ ನಾವು ತುಂಬಿದ್ದು ಆಬಾಸಾಹೇಬರ ಹೊಲದ ಕಬ್ಬು. ಅವರು ಬೇವಿನ ಗಿಡದ ಕೆಳಗೆ ಹೊರಸು ಹಾಕಿಸಿಕೊಂಡು ಮಲಗಿದ್ದರು. ಆಳೊಬ್ಬ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದ. ನನ್ನನ್ನು ನೋಡಿ, “ಯಾಕೋ ಪೈಲವಾನ, ಇವತ್ತ ನಿನಗೂ ಸೂಟಿ ಅಲ್ಲೇನು?” ಅಂದು ನಕ್ಕರು. ಕೆಟ್ಟ ಮನುಷ್ಯನಲ್ಲ, ಚೇಷ್ಟೆಗೆ ಅಂದರು. ನಾನೂ ಹೊರೆ ಹೊತ್ತುಕೊಂಡೇ ನಕ್ಕೆ. ಗುರುವಾರ ಅವರು ಕಲ್ಲನ್ನು ಸಲೀಸಾಗಿ ಎತ್ತಿದರು. ನೀವು ಬೈಯುವಾಗ ಅವರು ಪಕ್ಕದಲ್ಲೇ ಮೈಯ ಮಣ್ಣು ಒರೆಸಿಕೊಳ್ಳುತ್ತಿದ್ದರು. ಗೊತ್ತಿದ್ದ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಬಾಯಿಯೇ ತೆರೆಯಲಿಲ್ಲವೆಂದ ಮೇಲೆ ಅವರ ಮೇಲೆ ಸಿಟ್ಟಾಗಿ ಏನು ಮಾಡಲಿ?

ಒಂದು ದಿನ ಕೆಲಸ ಬಿಡು ಎಂದು ನೀವು ಹೇಳಬಹುದು. ಗ್ಯಾಂಗಿನಲ್ಲಿ ನಮ್ಮ ಮನೆಗೆ ಎರಡು ಪಾಲಿನ ಹೊರೆ, ಒಂದು ನನ್ನದು, ಒಂದು ಅವ್ವ ಕಾಳವ್ವನದು. ನಾನು ಬಿಟ್ಟ ಹೊರೆ ನೆಲದ ಮೇಲೆ ಉಳಿಯುವುದಿಲ್ಲ, ಅವಳ ತಲೆಗೆ ಹೋಗುತ್ತದೆ.

ಅದಕ್ಕೆ ಕೇಳುತ್ತಿದ್ದೇನೆ. ಹೊರೆ ಹೊತ್ತ ದಿನವನ್ನೂ ಎತ್ತಿದ ದಿನವೆಂದೇ ಹಿಡಿಯಿರಿ. ಕಾರ್ಖಾನೆಯ ಗಾಡಿ ಬಾರದ ದಿನದ ಮರುದಿನ ಮಾತ್ರ ಕಲ್ಲು ಕೊಡಿ. ಅಂಥ ದಿನ ತಿಂಗಳಲ್ಲಿ ಎರಡು ಸಿಕ್ಕರೆ ಹೆಚ್ಚು, ಅಷ್ಟರಿಂದ ಶರ್ಯತ್ತು ಗೆಲ್ಲುವುದಿಲ್ಲ ಎಂದೂ ನನಗೆ ಗೊತ್ತು. ಅಥಣಿಗೆ ಆಬಾಸಾಹೇಬರೇ ಹೋಗಲಿ. ನಾನು ಮಾತು ಮೀರಿದವನಲ್ಲ ಎನ್ನುವುದನ್ನು ಮಾತ್ರ, ಬೈದ ಹಾಗೆಯೇ ಎಲ್ಲರ ಮುಂದೆ ಒಮ್ಮೆ ಹೇಳಿ. ನಿಮ್ಮ ತೋಳಿನ ಕಸುವು ಕಡಿಮೆಯಾಗದಿರಲಿ, ನಿಮ್ಮ ಕೈಯಲ್ಲಿ ಇನ್ನೂ ನೂರು ಮಂದಿ ಕಲ್ಲು ಎತ್ತಲಿ.

ಇವತ್ತು ಮುಂಜಾನೆ ಗ್ಯಾಂಗಿನ ಮುಕಾದಮ ಲಗಮಣ್ಣ ಹೊರೆಗೆ ಕರೆದಾಗ, “ಇವತ್ತ ನಂದು ಸೂಟಿ ಐತ್ರಿ” ಅಂದೆ. ಎಲ್ಲರೂ ನಕ್ಕರು. ಅವ್ವ ನಗಲಿಲ್ಲ. “ಮಕ್ಕೋ ಹೋಗು, ನಿಂದೂ ನಾನ ಹೊರ್ತೀನಿ” ಅಂದು ಹೊರೆ ಕೂರಿಸಲು ತಲೆಗೆ ಸಿಂಬಿ ಸುತ್ತಿಕೊಂಡಳು. ನಾನು ಕಬ್ಬಿನ ಒಣಗರಿಯ ರವದಿಯ ಮೇಲೆ ಮೈ ಚಾಚಿದೆ. ಅವಳು ಹಲಗೆ ಹತ್ತುವ ಸಪ್ಪಳ ಕೇಳುತ್ತಿತ್ತು. ಎರಡು ಹೊರೆ ಹೋಗುವವರೆಗೆ ಮಲಗಿದ್ದೆ. ಮೂರನೆಯದಕ್ಕೆ ಎದ್ದೆ.

ಕಲ್ಲಿನ ಮೇಲೆ ಇನ್ನೂ ಆಸೆ ಇರುವ,
ಧೂಳಪ್ಪ